ಗುರುತಿಲ್ಲದ ಶ್ಯಾಕಲ್ ಮಾರುವವರ ಮೇಲೆ ನನ್ನ ಸಿಟ್ಟು

ಕಳೆದ ಡಿಸೆಂಬರಿನ ಒಂದು ರಾತ್ರಿ ನಮ್ಮ ಸಣ್ಣ ಬೋಟು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಬಂಡೆಗಳಿಗೆ ಬಡಿಯದೆ ಉಳಿದದ್ದು, ಆ ಹೊತ್ತಿಗೆ ಬೋಟು ನಡೆಸುವ ತಾಂಡೇಲರು ಎಚ್ಚರವಾಗಿದ್ದರು ಎಂಬ ಒಂದೇ ಕಾರಣಕ್ಕೆ. ಮೂಡುಗಾಳಿ ಜೋರಾಗಿತ್ತು, ನಾವು ಲಂಗರು ಹಾಕಿ ಮಲಗಿದ್ದೆವು. ಬೋಟು ಸರಿಯುತ್ತಿದೆ ಎಂದು ಅವರು ಕೂಗಿದಾಗ ಎಂಜಿನ್ ಚಾಲೂ ಮಾಡಿ ಹಗ್ಗ ಎಳೆದೆವು. ಸರಪಳಿ ಸಲೀಸಾಗಿ ಮೇಲೆ ಬಂತು. ಅದರ ತುದಿಯಲ್ಲಿ, ಸರಪಳಿಯನ್ನು ಲಂಗರಿಗೆ ಜೋಡಿಸುವ ಲಾಳದಾಕಾರದ ಶ್ಯಾಕಲ್ ಮಾತ್ರ ಬಾಯಿ ಅಗಲಿಸಿಕೊಂಡು ನೇತಾಡುತ್ತಿತ್ತು. ಅದರ ಬಾಯಿಗೆ ಅಡ್ಡವಾಗಿ ಬಿಗಿಯುವ ಪಿನ್ನೂ ಇರಲಿಲ್ಲ, ಲಂಗರೂ ಇರಲಿಲ್ಲ.

ಆ ಶ್ಯಾಕಲ್ಲನ್ನು ಕೊಳ್ಳುವಾಗ ನಾನು ಅಂಗಡಿಯವರನ್ನು ಕೇಳಿದ್ದು ಒಂದೇ ಪ್ರಶ್ನೆ: ಇದು ಎಷ್ಟು ಭಾರ ತಡೆಯುತ್ತದೆ? ಅದಕ್ಕೆ ಸಿಕ್ಕ ಉತ್ತರ, "ಗಟ್ಟಿ ಮಾಲು ಅಣ್ಣ, ಎಲ್ಲರೂ ಇದನ್ನೇ ಒಯ್ಯುವುದು." ಸರಿಯಾದ ಶ್ಯಾಕಲ್ಲಿನ ಮೈಮೇಲೆ ತಯಾರಕರ ಗುರುತೂ, ಅದು ಹೊರಬಹುದಾದ ಭಾರವೂ ಉಬ್ಬಚ್ಚಿನಲ್ಲಿ ಇರುತ್ತವೆ. ಒಳ್ಳೆಯ ಉಕ್ಕಿನ 10 ಮಿಲಿಮೀಟರ್ ಬಿಲ್ಲಾಕಾರದ ಶ್ಯಾಕಲ್ ಮೇಲೆ 1 ಟನ್ ಎಂದು ಬರೆದಿದ್ದರೆ, ಅದು ಸಾಮಾನ್ಯವಾಗಿ ಅದರ ಆರು ಪಟ್ಟು ಎಳೆತದವರೆಗೆ ಮುರಿಯಬಾರದು ಎಂಬ ಲೆಕ್ಕದಲ್ಲಿ ತಯಾರಾಗಿರುತ್ತದೆ. ನನಗೆ ಕೊಟ್ಟದ್ದರ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಅದು ಬೋಟನ್ನು ಹಿಡಿಯುತ್ತದೋ ಬರೀ ಗೇಟಿನ ಸರಪಳಿಗೆ ಸಾಕೋ ಎಂಬುದು ಮಾರುವವರಿಗೇ ತಿಳಿದಿರಲಿಲ್ಲ; ಆದರೂ ಅದನ್ನು ಲಂಗರಿಗೆಂದೇ ಮಾರಿದರು. ನನ್ನ ಸಿಟ್ಟೆಲ್ಲ ಇದರ ಮೇಲೆ.

ಹೊಳಪು ತೋರಿಸಿ ಮಾರುವುದು ಇನ್ನೊಂದು ಮೋಸ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಶ್ಯಾಕಲ್ ಮಂಕಾದ ಬೂದು ಬಣ್ಣಕ್ಕಿರುತ್ತದೆ, ಮುಟ್ಟಿದರೆ ತುಸು ಒರಟು. ಆದರೆ ಉಪ್ಪುನೀರಿನಲ್ಲಿ ಬಾಳುವುದು ಅದೇ. ಕನ್ನಡಿಯಂತೆ ಮಿಂಚುವುದಕ್ಕೆ ವಿದ್ಯುತ್ತಿನಿಂದ ಕೂರಿಸಿದ ತೆಳುವಾದ ಸತುವಿನ ಲೇಪವಷ್ಟೇ ಇರುವುದರಿಂದ, ಕೆಲವೇ ತಿಂಗಳಲ್ಲಿ ಅದು ಕೆಂಪು ತುಕ್ಕು ಕಾರುತ್ತದೆ. ಸ್ಟೀಲಿನದು ಬೇಕೆಂದರೆ 304 ದರ್ಜೆಯದೋ 316 ದರ್ಜೆಯದೋ ಎಂದು ಹೇಳದೆ "ಸ್ಟೇನ್‌ಲೆಸ್" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಸಮುದ್ರದ ಉಪ್ಪನ್ನು ಹೆಚ್ಚು ತಡೆಯುವುದು ಮಾಲಿಬ್ಡಿನಂ ಬೆರೆತ 316. ಅದನ್ನೂ ಗ್ಯಾಲ್ವನೈಸ್ (ಸತು ಲೇಪಿಸಿದ) ಸರಪಳಿಗೆ ಜೋಡಿಸಿದರೆ, ತಾಗುವ ಕೊಂಡಿಯ ಸತುವೇ ಮೊದಲು ಕರಗಿಹೋಗುತ್ತದೆ ಎಂದು ಎಚ್ಚರಿಸುವವರು ಯಾರೂ ಇಲ್ಲ.

ಅಳತೆಯಲ್ಲೂ ಇದೇ ಕಥೆ. ಶ್ಯಾಕಲ್ಲಿನ ಪಿನ್ನು ಅದರ ಮೈಗಿಂತ ತುಸು ದಪ್ಪವಿರುವುದರಿಂದ ಸರಪಳಿಯ ಕೊನೆಯ ಕೊಂಡಿಯೊಳಗೆ ತೂರುವುದಿಲ್ಲ ಎಂದರೆ, ದೊಡ್ಡ ಕೊನೆಕೊಂಡಿ ಇರುವ ಸರಪಳಿ ತರಿಸುವುದು ಬಿಟ್ಟು ಒಂದು ಅಳತೆ ಸಣ್ಣದನ್ನು ಕೈಗೆ ತುರುಕುತ್ತಾರೆ. ಅದರ ಜೊತೆಗೆ, ಸರಪಳಿ ತಿರುಚಿಕೊಳ್ಳದಂತೆ ತಿರುಗುವ ಸ್ವಿವೆಲ್ ಎಂಬ ಜೋಡಣೆಯೂ ಬೇಕೇ ಬೇಕೆಂಬ ಒತ್ತಾಯ ಬೇರೆ. ಗಾಳಿ ದಿಕ್ಕು ಬದಲಿಸಿ ಬೋಟು ತಿರುಗಿದಾಗ, ಲಂಗರಿನ ಹಿಡಿಗೆ ನೇರವಾಗಿ ಸಿಕ್ಕಿಸಿದ ಸ್ವಿವೆಲ್ಲಿನ ದವಡೆಯ ಮೇಲೆ ಅಡ್ಡ ಎಳೆತ ಬೀಳುತ್ತದೆ, ಅದು ತಾಳುವುದು ನೇರ ಎಳೆತವನ್ನು ಮಾತ್ರ. ನಮ್ಮಂಥ ಬೋಟಿಗೆ ಅದು ಬೇಡವೇ ಬೇಡ. ಪಿನ್ನು ಬಿಚ್ಚಿಕೊಳ್ಳದಂತೆ ಅದರ ತಲೆಯ ತೂತಿನೊಳಗಿಂದ ತಂತಿ ಸುತ್ತಿ ಬಿಗಿಯಬೇಕು ಎಂಬ ಎರಡು ರೂಪಾಯಿಯ ಬುದ್ಧಿಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹೋದ ಲಂಗರಿನ ದುಡ್ಡನ್ನು ಹೇಗೋ ದುಡಿದುಕೊಳ್ಳುತ್ತೇವೆ. ಆದರೆ ಆ ರಾತ್ರಿ ಬೋಟಿನಲ್ಲಿ ಐದು ಜನ ಇದ್ದೆವು, ಅವರಲ್ಲಿ ಒಬ್ಬ ನನ್ನ ತಮ್ಮನ ಮಗ. ಬಾಯಿ ಅಗಲಿಸಿದ ಆ ಶ್ಯಾಕಲ್ಲನ್ನು ಮರುದಿನ ಅಂಗಡಿಯ ಮೇಜಿನ ಮೇಲಿಟ್ಟಾಗ, "ನೀವೇ ಸರಿಯಾಗಿ ಬಿಗಿದಿರಲಿಕ್ಕಿಲ್ಲ" ಎಂದರು. ಬಿಗಿದದ್ದು ನಾನೇ, ಪಿನ್ನು ತಾನಾಗಿ ಸಡಿಲವಾಗಿ ಬಿದ್ದಿದ್ದರೆ ಶ್ಯಾಕಲ್ಲಿನ ಮೈ ಹಾಗೆ ಅಗಲವಾಗುತ್ತಿರಲಿಲ್ಲ. ಅದನ್ನು ಎಸೆದಿಲ್ಲ, ಬೋಟಿನ ಕ್ಯಾಬಿನ್ನಿನಲ್ಲೇ ತೂಗುಹಾಕಿದ್ದೇನೆ. ಮೈಮೇಲೆ ಭಾರದ ಗುರುತಿಲ್ಲದ ಯಾವ ಶ್ಯಾಕಲ್ಲನ್ನೂ ಇನ್ನು ಮುಂದೆ ನಾನು ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಬಂದರಿನ ಧಕ್ಕೆಯಲ್ಲಿ ಸಿಗುವ ಪ್ರತಿಯೊಬ್ಬ ತಾಂಡೇಲರಿಗೂ ಇದನ್ನೇ ಹೇಳುತ್ತಿದ್ದೇನೆ.