ಕೂಸಿನ ನರಕ್ಕೆ ಯಾರ ಅಳತೆಗೋಲು?

ನರಕ್ಕೆ ಚೂರು ಕರೆಂಟ್ ಕೊಟ್ಟು ಸಂಕೇತ ಎಷ್ಟು ವೇಗವಾಗಿ ಓಡುತ್ತದೆ ಅಂತ ಅಳೆಯುವ, ಬೇಕಾದರೆ ಸ್ನಾಯುವಿಗೆ ಸೂಜಿ ಚುಚ್ಚಿಯೂ ನೋಡುವ ಟೆಸ್ಟ್ ಮಾಡೋದನ್ನು ನಾನು ಕಲಿತದ್ದು ಕರ್ನಾಟಕದ ಒಂದು ಲ್ಯಾಬಿನಲ್ಲಿ. ಗೋಡೆಗೆ ಅಂಟಿಸಿದ್ದ ಜೆರಾಕ್ಸ್ ಹಾಳೆಯೇ ನಮ್ಮ 'ನಾರ್ಮಲ್'. ಯಾವುದೋ ಅಮೆರಿಕನ್ ಪುಸ್ತಕದ್ದು, ಅದೂ ದೊಡ್ಡವರದ್ದು. ಮಗು ಬಂದರೆ ಡಾಕ್ಟರು ಹಾಳೆ ನೋಡಿ, ತಲೆ ಕೆರೆದುಕೊಂಡು, ಅಂದಾಜಿನಲ್ಲೇ ಏನೋ ಬರೆಯುತ್ತಿದ್ದರು.

ಆಗಷ್ಟೇ ಹುಟ್ಟಿದ ಕೂಸಿನ ನರದಲ್ಲಿ ಸಂಕೇತ ಓಡುವುದು ಸೆಕೆಂಡಿಗೆ 25-30 ಮೀಟರ್ ಆಸುಪಾಸು. ದೊಡ್ಡವರ ಕೈಯಲ್ಲಾದರೆ 50 ದಾಟಬೇಕು. ನರಕ್ಕೆ ಮಯಲಿನ್ ಹೊದಿಕೆ ಪೂರ್ತಿ ಬೆಳೆದು ವೇಗ ದೊಡ್ಡವರ ಮಟ್ಟಕ್ಕೆ ಬರಲು 3ರಿಂದ 5 ವರ್ಷ ಬೇಕು. ದೊಡ್ಡವರ ಹಾಳೆ ಹಿಡಿದರೆ ಎಲ್ಲ ಕೂಸೂ ರೋಗಿಯೇ.

ಈಗ ಲಂಡನ್ನಿನಲ್ಲಿದ್ದೇನೆ. ಇಲ್ಲಿನವರೇನು ಆರೋಗ್ಯವಂತ ಮಕ್ಕಳನ್ನು ಸಾಲಾಗಿ ಕೂರಿಸಿ ಕರೆಂಟ್ ಕೊಡುತ್ತಾರೆ ಅಂದುಕೊಳ್ಳಬೇಡಿ. ಸುಮ್ಮನಿರುವ ಮಗುವಿನ ಸ್ನಾಯುವಿಗೆ ಸೂಜಿ ಚುಚ್ಚಲು ಯಾವ ತಾಯಿ ಒಪ್ಪುತ್ತಾಳೆ? ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಮ್ಯಾಥ್ಯೂ ಪಿಟ್, ಅಮೆರಿಕದ ಜೋ ಜಬ್ರೆ ಮೊದಲಾದವರು 2015ರಲ್ಲಿ 'ಇ-ನಾರ್ಮ್ಸ್' ಅನ್ನೋ ಉಪಾಯವನ್ನು ಮುಂದಿಟ್ಟರು. ಲ್ಯಾಬಿಗೆ ಬಂದವರದ್ದೇ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಗೆರೆ ಎಳೆಯಿರಿ. ಮೊದಲು ಘಾಟಿ, ಆಮೇಲೆ ಬಯಲುಸೀಮೆ, ಕೊನೆಗೆ ಮತ್ತೆ ಘಾಟಿ. ನಡುವಿನ ಆ ಬಯಲೇ ನಾರ್ಮಲ್. ಟೆಸ್ಟಿಗೆ ಬಂದ ಎಷ್ಟೋ ಮಕ್ಕಳ ನರ ಸರಿಯಾಗೇ ಇರುತ್ತದಲ್ಲ, ಅದೇ ಇದರ ಬಂಡವಾಳ. ಬರೀ ಕಾಯಿಲೆಯ ಮಕ್ಕಳೇ ಬರುವ ಕಡೆ ಬಯಲೇ ಜಾರಿಬಿಡುತ್ತದೆ, ಅದು ನಿಜ.

ನನ್ನ ತಕರಾರು ಇಷ್ಟೇ: ಈ ಬಂಡವಾಳ ನಮ್ಮೂರಲ್ಲಿ ಇಲ್ಲಿಗಿಂತ ಹೆಚ್ಚಿದೆ. ಒಂದೊಂದು ದೊಡ್ಡಾಸ್ಪತ್ರೆಯ ಮಷಿನ್ನಿನೊಳಗೂ ವರ್ಷಗಟ್ಟಲೆ ಅಂಕಿಗಳು ಕೊಳೆಯುತ್ತಿವೆ. ಕಾಲಿನ ನರದ ವೇಗ ಎತ್ತರದ ಜೊತೆಗೂ ಬದಲಾಗುತ್ತದೆ. ರಾಯಚೂರಿನ ಹುಡುಗನಿಗೆ ಬಾಸ್ಟನ್ ಹುಡುಗನ ಗೆರೆ ಯಾಕೆ?

ಹಾಗಂತ ಹಳೇ ಅಂಕಿಯನ್ನೆಲ್ಲ ಕಣ್ಣುಮುಚ್ಚಿ ಸೇರಿಸೋ ಹಾಗಿಲ್ಲ. ನರ ಒಂದು ಡಿಗ್ರಿ ತಣ್ಣಗಾದರೆ ವೇಗ ಸುಮಾರು 2 ಮೀಟರ್ ಇಳಿಯುತ್ತದೆ. ಇಲ್ಲಿ ಜನವರಿಯಲ್ಲಿ ಮಕ್ಕಳ ಪಾದ ಐಸ್‌ಕ್ಯಾಂಡಿ. ಬೆಚ್ಚನೆ ನೀರಲ್ಲಿಟ್ಟು, ಚರ್ಮದ ಬಿಸಿ ಅಳೆದು, ಬರೆದುಕೊಂಡೇ ಶುರುಮಾಡುತ್ತೇವೆ. ನಾನು ಕಲಿತ ಲ್ಯಾಬಿನಲ್ಲಿ ಎಸಿ 18ಕ್ಕೆ ಇರುತ್ತಿತ್ತು, ಮಷಿನ್ ಬಿಸಿಯಾಗಬಾರದು ಅಂತ. ಮಗುವಿನ ಕಾಲು ಮುಟ್ಟಿ ನೋಡಿದ ನೆನಪು ನನಗಿಲ್ಲ.