ಎಲ್ಲ ಕಡೆ ಕ್ಯಾಶ್ ತೆಗೆದುಕೊಳ್ಳಲೇಬೇಕು ಎಂಬ ನಿಯಮ ಬೇಕೇ?

ಬೆಂಗಳೂರಿನ ಟೆಕ್ ಪಾರ್ಕ್ ಕ್ಯಾಂಟೀನುಗಳಲ್ಲಿ, ಮಾಲ್‌ಗಳ ಫುಡ್ ಕೋರ್ಟಿನಲ್ಲಿ, ಹೊಸ ಕಾಫಿ ಅಂಗಡಿಗಳಲ್ಲಿ ‘ಕ್ಯಾಶ್ ಇಲ್ಲ, ಯುಪಿಐ ಅಥವಾ ಕಾರ್ಡ್ ಮಾತ್ರ’ ಎಂಬ ಬೋರ್ಡು ಕಾಣುತ್ತದೆ. 2025ರ ಜುಲೈನಲ್ಲಿ ಇದೇ ಊರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಬೋರ್ಡು ನೇತಾಡುತ್ತಿತ್ತು. ದುಡ್ಡು ಹೇಗೆ ಕೊಡಬೇಕು ಅನ್ನುವುದನ್ನು ತೀರ್ಮಾನಿಸಬೇಕಾದವರು ಯಾರು? ಕೊಡುವವರಾ, ತೆಗೆದುಕೊಳ್ಳುವವರಾ? ಇಲ್ಲಿ ಎರಡು ಅಭಿಪ್ರಾಯಗಳಿವೆ. ಮೊದಲನೆಯದು ಒಬ್ಬ ಗ್ರಾಹಕಿಯದು, ಎರಡನೆಯದು ಅಂಗಡಿ ನಡೆಸುವವರದು.

ಪರ: ಸ್ವಂತ ದುಡ್ಡು ಖರ್ಚು ಮಾಡಲು ಇನ್ನೊಬ್ಬರ ಫೋನು ಯಾಕೆ?

ಮೊದಲೇ ಹೇಳಿಬಿಡುತ್ತೇನೆ, ಯುಪಿಐ ಮೇಲೆ ನನಗೆ ಕೋಪ ಇಲ್ಲ. ಗಾಂಧಿ ಬಜಾರಿನಲ್ಲಿ ಹೂವು ತಗೊಂಡರೂ, ಆಟೋ ಹತ್ತಿದರೂ ನಾನು ಫೋನಿನಲ್ಲೇ ಕೊಡುತ್ತೇನೆ. 2016ರಲ್ಲಿ ಶುರುವಾದ ಈ ವ್ಯವಸ್ಥೆ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ಪಾವತಿಗಳನ್ನು ದಾಟಿತು. ಜನರಿಗೆ ಅನುಕೂಲ ಆಗದಿದ್ದರೆ ಅಷ್ಟು ಬೆಳೆಯುತ್ತಿರಲಿಲ್ಲ. ಆದರೆ ತುಂಬಾ ಜನ ಒಂದು ದಾರಿ ಹಿಡಿದರು ಅಂತ ಉಳಿದವರ ದಾರಿಯನ್ನು ಮುಚ್ಚುವುದು ಸರಿಯಲ್ಲ.

ನಾನು ಕೇಳುತ್ತಿರುವ ನಿಯಮವೇನೂ ದೊಡ್ಡದಲ್ಲ. ಊಟ-ತಿಂಡಿ, ದಿನಸಿ, ಔಷಧಿ, ಆಸ್ಪತ್ರೆ, ಪ್ರಯಾಣ, ಪಾರ್ಕಿಂಗ್. ಇಷ್ಟು ಕಡೆ ಎದುರಿಗೆ ನಿಂತು ನೋಟು ಕೊಟ್ಟವರನ್ನು ವಾಪಸ್ ಕಳಿಸಬಾರದು. ಆನ್‌ಲೈನ್ ವ್ಯಾಪಾರಕ್ಕೆ ಈ ನಿಯಮ ಬೇಡ. ದೊಡ್ಡ ಬಿಲ್ಲಿಗೂ ಬೇಡ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮೊತ್ತವನ್ನು ನಗದಿನಲ್ಲಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಹೇಗೂ ತಡೆದಿದೆ. ನನ್ನ ಚಿಂತೆ ಇಡ್ಲಿ, ಮಾತ್ರೆ, ಬಸ್ ಟಿಕೆಟ್ಟಿನದು.

ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಚಿಂತಾಮಣಿ ಕಡೆಯ ಹಿರಿಯರೊಬ್ಬರು ಬೆಳಗ್ಗೆ ಸಾಲಿನಲ್ಲಿ ನಿಂತಿದ್ದರು. ಹೆಂಡತಿ ಮೇಲಿನ ವಾರ್ಡಿನಲ್ಲಿದ್ದರು. ಕೈಯಲ್ಲಿ ಐನೂರರ ನೋಟು, ಜೇಬಿನಲ್ಲಿ ಕೀಪ್ಯಾಡ್ ಫೋನು. ಕೌಂಟರಿನ ಹುಡುಗಿ ‘ಕ್ಯಾಶ್ ತಗೊಳ್ಳಲ್ಲ ತಾತ, ಸ್ಕ್ಯಾನ್ ಮಾಡಬೇಕು’ ಎಂದಳು. ಅವಳದೇನೂ ತಪ್ಪಿಲ್ಲ, ಮೇಲಿನವರು ಹಾಗೆ ಹೇಳಿದ್ದಾರೆ. ತಾತ ಹಿಂದೆ ತಿರುಗಿ ‘ಯಾರಾದ್ರೂ ಕೊಡ್ತೀರಾಪ್ಪಾ, ನಾನು ನೋಟು ಕೊಡ್ತೀನಿ’ ಅಂತ ಕೇಳಿದರು. ಒಬ್ಬ ಯುವಕ ತನ್ನ ಫೋನಿನಿಂದ ಕೊಟ್ಟ. ಆದರೆ ಅವನ ಹತ್ತಿರ ವಾಪಸ್ ಕೊಡಲು ಚಿಲ್ಲರೆ ಇರಲಿಲ್ಲ. ‘ಇರಲಿ ಬಿಡಿ ತಾತ’ ಅಂದ. ತಾತನಿಗೆ ಅದು ಸಮಾಧಾನ ಆಗಲಿಲ್ಲ. ಬಿಟ್ಟಿ ತಿಂಡಿ ಅವರು ಕೇಳಿರಲಿಲ್ಲ. ದುಡಿದ ದುಡ್ಡು ಕೈಯಲ್ಲಿ ಹಿಡಿದುಕೊಂಡೇ ಅಪರಿಚಿತರ ಮುಂದೆ ಬೇಡುವ ಸ್ಥಿತಿಗೆ ಆ ಕೌಂಟರು ಅವರನ್ನು ತಂದಿತ್ತು.

‘ಪಕ್ಕದ ಅಂಗಡಿಗೆ ಹೋಗಬಹುದಲ್ಲ’ ಅನ್ನುವವರು ಈ ಜಾಗಗಳನ್ನು ನೆನಪಿಸಿಕೊಳ್ಳಬೇಕು. ಆಸ್ಪತ್ರೆಯೊಳಗೆ ಪಕ್ಕದ ಅಂಗಡಿ ಎಲ್ಲಿದೆ? ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ ಕಸ ಗುಡಿಸುವವರಿಗೆ, ಸೆಕ್ಯುರಿಟಿ ಅಣ್ಣಂದಿರಿಗೆ ಅರ್ಧ ಗಂಟೆ ಊಟದ ಬಿಡುವಿರುತ್ತದೆ. ಗೇಟು ದಾಟಿ ರಸ್ತೆ ದಾಟಿ ಬೇರೆ ಹೋಟೆಲು ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ.

ಕೀಪ್ಯಾಡ್ ಫೋನಿಗೂ ಯುಪಿಐ ಇದೆ ಎಂಬ ಉತ್ತರ ನನಗೆ ಗೊತ್ತು. 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂತು, ನಿಜ. ಅದಕ್ಕೂ ಬ್ಯಾಂಕ್ ಖಾತೆ ಬೇಕು, ಖಾತೆಗೆ ಜೋಡಿಸಿದ ನಂಬರು ಬೇಕು, ಪಿನ್ ಬೇಕು. ಇನ್ನು ಇದೆಲ್ಲ ಇದ್ದವರಿಗೂ ಕೆಟ್ಟ ದಿನ ಬರುತ್ತದೆ. 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ದೇಶದ ತುಂಬಾ ಯುಪಿಐ ಕೈಕೊಟ್ಟಿತು. ಚಾರ್ಜ್ ಮುಗಿಯುವುದು, ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಸಿಗದಿರುವುದು ಲೆಕ್ಕಕ್ಕೇ ಇಲ್ಲ ಬಿಡಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ನಮ್ಮ ಬೀದಿಯ ಮನೆಗಳಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಸಂಬಳವನ್ನು ಕ್ಯಾಶ್‌ನಲ್ಲೇ ಕೊಡಿ ಅನ್ನುತ್ತಾರೆ. ಅವರ ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನು, ಅದು ಗಂಡನ ಕೈಯಲ್ಲಿ. ಖಾತೆಗೆ ದುಡ್ಡು ಬಿದ್ದ ಮೆಸೇಜು ಮೊದಲು ಅವನಿಗೆ ಹೋಗುತ್ತದೆ, ಸಂಜೆಗೆ ಅರ್ಧ ಖಾಲಿ. ಕ್ಯಾಶ್ ಸಿಕ್ಕರೆ ಅಕ್ಕ ಒಂದಿಷ್ಟು ಚೀಟಿಗೆ ಕಟ್ಟುತ್ತಾರೆ, ಒಂದಿಷ್ಟು ಬೇಳೆ ಡಬ್ಬಿಯಲ್ಲಿ ಇಡುತ್ತಾರೆ. ಮಗಳ ಕಾಲೇಜಿನ ಖರ್ಚು ನಡೆಯುತ್ತಿರುವುದು ಆ ಡಬ್ಬಿಯಿಂದ. 2016ರ ನವೆಂಬರ್ 8ರ ನೋಟು ರದ್ದತಿ ಆದಾಗ ಎಷ್ಟೋ ಹೆಂಗಸರು ಇಂಥ ಗುಟ್ಟಿನ ಉಳಿತಾಯವನ್ನು ಹೊರಗೆ ತೆಗೆದು ಗಂಡನ ಮುಂದೆ ಇಡಬೇಕಾಯಿತು. ಆಗ ಅನೇಕರು ಅದನ್ನು ತಮಾಷೆ ಮಾಡಿ ನಕ್ಕರು. ನನಗೆ ನಗು ಬರಲಿಲ್ಲ. ಆ ಹೆಂಗಸರಿಗೆ ಯಾರನ್ನೂ ಕೇಳದೆ ಖರ್ಚು ಮಾಡಲು ಇದ್ದದ್ದು ಅಷ್ಟೇ ದುಡ್ಡು. ಇಂಥ ಡಬ್ಬಿಯ ದುಡ್ಡು ಔಷಧಿ ಅಂಗಡಿಯಲ್ಲಿ, ಶಾಲೆಯ ಪಕ್ಕದ ಕ್ಯಾಂಟೀನಿನಲ್ಲಿ ನಡೆಯದಿದ್ದರೆ ಅದನ್ನು ಕೂಡಿಟ್ಟು ಏನು ಪ್ರಯೋಜನ?

‘ತಪ್ಪು ಮಾಡದವರಿಗೆ ಮುಚ್ಚಿಡುವುದೇನಿದೆ’ ಅಂತ ಕೇಳುವವರಿದ್ದಾರೆ. ಈ ವಾದಕ್ಕೆ ಎದುರಾಗಿ ನಿಂತವರಲ್ಲಿ ನಮ್ಮ ಬೆಂಗಳೂರಿನವರೇ ಒಬ್ಬರಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮನೆ ಸಾಲಕ್ಕೆ ಅರ್ಜಿ ಹಾಕಿದರೆ ಬ್ಯಾಂಕು ತಿಂಗಳುಗಟ್ಟಲೆಯ ಸ್ಟೇಟ್‌ಮೆಂಟ್ ಕೇಳುತ್ತದೆ. ಯಾವ ಡಾಕ್ಟರ ಹತ್ತಿರ ಹೋದಿರಿ, ಯಾವ ಬಾರಿಗೆ ಹೋದಿರಿ, ಯಾರಿಗೆ ಪ್ರತಿ ವಾರ ದುಡ್ಡು ಕಳಿಸಿದಿರಿ ಎಲ್ಲವೂ ಅದರಲ್ಲಿ ಸಾಲಾಗಿರುತ್ತದೆ. ಇದನ್ನೆಲ್ಲ ಒಪ್ಪಿಕೊಂಡು ಯುಪಿಐ ಬಳಸುವುದು ನನ್ನ ಇಷ್ಟ. ಒಂದು ಕಪ್ ಕಾಫಿಗೂ ನನ್ನ ಹೆಸರು ದಾಖಲಾಗಲೇಬೇಕು ಅನ್ನಲು ಅಂಗಡಿಯವರು ಯಾರು?

ಇದು ಆಗದ ಹೋಗದ ಮಾತಲ್ಲ. ನ್ಯೂಯಾರ್ಕ್ ನಗರ 2020ರಲ್ಲೇ ಅಂಗಡಿ-ಹೋಟೆಲುಗಳು ಕ್ಯಾಶ್ ನಿರಾಕರಿಸದಂತೆ ಕಾನೂನು ಮಾಡಿತು. ಕ್ಯಾಶ್ ಬಳಕೆ ತುಂಬಾ ಕಡಿಮೆಯಾಗಿರುವ ನಾರ್ವೆ ಕೂಡ 2024ರ ಅಕ್ಟೋಬರ್‌ನಿಂದ ಗ್ರಾಹಕರ ಈ ಹಕ್ಕನ್ನು ಗಟ್ಟಿ ಮಾಡಿತು. ನಮ್ಮಲ್ಲೂ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಮಿನ ಪ್ರಕಾರ ನೋಟು ದೇಶದ ಯಾವುದೇ ಜಾಗದಲ್ಲಿ ಕಾನೂನುಬದ್ಧ ಹಣ. ಆದರೆ ನಾವು ಉಲ್ಟಾ ದಿಕ್ಕಿನಲ್ಲಿ ಹೋಗುತ್ತಿದ್ದೇವೆ. 2025ರ ನವೆಂಬರ್ 15ರಂದು ಹೆದ್ದಾರಿ ಟೋಲ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಫಾಸ್ಟ್ಯಾಗ್ ಇಲ್ಲದವರು ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು, ಕ್ಯಾಶ್ ಕೊಟ್ಟರೆ ಎರಡು ಪಟ್ಟು ಕಟ್ಟಬೇಕಾಯಿತು. ಒಂದೇ ರಸ್ತೆ, ಒಂದೇ ಗಾಡಿ. ನೋಟು ಕೊಟ್ಟವರಿಗೆ ಮಾತ್ರ ಹೆಚ್ಚು ದಂಡ. ಇದು ಟೋಲ್ ಗೇಟಿನಿಂದ ಔಷಧಿ ಅಂಗಡಿಗೆ ಬರುವ ಮುಂಚೆಯೇ ನಿಯಮ ಬರಬೇಕು.

ವಿರೋಧ: ನಮ್ಮ ಗಲ್ಲಾದ ಮೇಲೆ ಇನ್ನೊಂದು ಕಾನೂನು ಬೇಡ

ವಿಜಯನಗರದಲ್ಲಿ ನಮ್ಮದೊಂದು ಜ್ಯೂಸ್ ಮತ್ತು ಚಾಟ್ಸ್ ಅಂಗಡಿ ಇದೆ. ನಾವು ಕ್ಯಾಶೂ ತಗೊಳ್ಳುತ್ತೇವೆ, ಯುಪಿಐನೂ ತಗೊಳ್ಳುತ್ತೇವೆ. ಹಾಗಾಗಿ ಈ ನಿಯಮ ಬಂದರೆ ನನಗೆ ತಕ್ಷಣಕ್ಕೆ ಏನೂ ನಷ್ಟ ಇಲ್ಲ. ಆದರೂ ಬೇಡ ಅನ್ನುತ್ತೇನೆ.

ಕ್ಯಾಶ್ ಅಂದರೆ ಕೌಂಟರಿನ ಈಚೆ ಕಡೆ ನಿಂತವರಿಗೆ ಏನು ಅನ್ನುವುದು ಆಚೆ ನಿಂತವರಿಗೆ ಗೊತ್ತಾಗುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಚಿಲ್ಲರೆ ಹೊಂದಿಸಬೇಕು. ಮೊದಲ ಗಿರಾಕಿಯೇ ಮೂವತ್ತು ರೂಪಾಯಿ ಜ್ಯೂಸಿಗೆ ಐನೂರರ ನೋಟು ಚಾಚುತ್ತಾರೆ. ಹರಿದ ನೋಟು ಬರುತ್ತದೆ, ಗಲಾಟೆಯಲ್ಲಿ ಖೋಟಾ ನೋಟೂ ಬರಬಹುದು. ರಾತ್ರಿ ಲೆಕ್ಕ ಹಾಕಿದಾಗ ಇನ್ನೂರು ರೂಪಾಯಿ ಕಡಿಮೆ ಬಂದರೆ ಎಲ್ಲರ ಕಣ್ಣು ಗಲ್ಲಾದಲ್ಲಿ ಕೂತ ಹುಡುಗನ ಮೇಲೆ. ಅವನು ಕದ್ದಿರುವುದಿಲ್ಲ, ಯಾರಿಗೋ ಜಾಸ್ತಿ ಚಿಲ್ಲರೆ ಕೊಟ್ಟಿರುತ್ತಾನೆ. ಆದರೂ ಅವತ್ತು ಅವನು ತಲೆ ತಗ್ಗಿಸಿಕೊಂಡೇ ಮನೆಗೆ ಹೋಗುತ್ತಾನೆ. ಯುಪಿಐ ಜಾಸ್ತಿಯಾದ ಮೇಲೆ ನಮ್ಮ ಅಂಗಡಿಯಲ್ಲಿ ಈ ಅನುಮಾನದ ಜಗಳಗಳು ಬಹಳ ಕಡಿಮೆಯಾಗಿವೆ.

ಒಬ್ಬಂಟಿಯಾಗಿ ಅಂಗಡಿ ನಡೆಸುವ ಹೆಂಗಸರ ಬಗ್ಗೆ ಯೋಚಿಸಿ. ರಾತ್ರಿ ಹತ್ತೂವರೆಗೆ ಶಟರ್ ಎಳೆದು, ದಿನದ ವ್ಯಾಪಾರದ ದುಡ್ಡನ್ನು ಬ್ಯಾಗಿನಲ್ಲಿ ಹಾಕಿಕೊಂಡು ಕತ್ತಲ ರಸ್ತೆಯಲ್ಲಿ ಮನೆಗೆ ನಡೆಯಬೇಕು. ಅಂಥವರು ‘ನನಗೆ ಕ್ಯಾಶ್ ಬೇಡ’ ಅಂದರೆ ಅದು ಯಾರನ್ನೂ ಹೊರಗಿಡುವ ಉದ್ದೇಶದಿಂದ ಅಲ್ಲ. ಭಯದಿಂದ. ಅವರಿಗೆ ಆ ಸ್ವಾತಂತ್ರ್ಯ ಬೇಡವಾ?

ಗಿರಾಕಿಗಳಿಗೂ ಕ್ಯಾಶ್ ಏನು ಸುಖ ಕೊಟ್ಟಿತ್ತು? ಬಿಎಂಟಿಸಿ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಚಿಲ್ಲರೆ ಬರೆದುಕೊಟ್ಟು, ಇಳಿಯುವ ಗಡಿಬಿಡಿಯಲ್ಲಿ ಅದನ್ನು ಮರೆತು ಹೋಗದ ಬೆಂಗಳೂರಿನವರು ಇದ್ದಾರಾ? ತಳ್ಳುಗಾಡಿಯವರಿಗೆ ಈ ಕ್ಯೂಆರ್ ಸ್ಟಿಕ್ಕರಿನಿಂದ ಇನ್ನೊಂದು ಲಾಭವೂ ಆಗಿದೆ. 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಾಗಿ 10,000 ರೂಪಾಯಿ ಸಾಲ ಕೊಟ್ಟರು. ಡಿಜಿಟಲ್ ಪಾವತಿ ತೆಗೆದುಕೊಂಡವರಿಗೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇತ್ತು. ಮೀಟರ್ ಬಡ್ಡಿಗೆ ಕೈಚಾಚುತ್ತಿದ್ದವರಿಗೆ ಇದು ಸಣ್ಣ ವಿಷಯ ಅಲ್ಲ.

ಈಗ ಕಾನೂನಿನ ಮಾತು. 2025ರ ಜುಲೈನಲ್ಲಿ ಏನಾಯಿತು ನೆನಪಿದೆ ಅಲ್ವಾ? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದ ನಮ್ಮಂಥವರ ಯುಪಿಐ ಲೆಕ್ಕ ತೆಗೆದು ನೋಟಿಸು ಕಳಿಸಿತು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸಾಮಾನು ಮಾರಿದವರಿಗೂ ಬಂತು. ನೆಂಟರು ಕಳಿಸಿದ ಕೈಸಾಲವೂ ವ್ಯಾಪಾರದ ಲೆಕ್ಕಕ್ಕೆ ಸೇರಿದೆ ಎಂದು ಅಂಗಡಿಯವರು ಗೋಳಾಡಿದರು. ರಸ್ತೆ ರಸ್ತೆಯಲ್ಲಿ ಕ್ಯೂಆರ್ ಕಿತ್ತುಹಾಕಿ ‘ಕ್ಯಾಶ್ ಮಾತ್ರ’ ಬೋರ್ಡು ಹಾಕಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಸಭೆ ಮಾಡಿ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಅಂದ ಮೇಲೆ ಬಿಸಿ ಆರಿತು. ತೆರಿಗೆ ಕಟ್ಟಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕ್ಯಾಶ್ ತಗೊಂಡರೂ ತೆರಿಗೆ ತೆರಿಗೆಯೇ. ಆದರೆ ಆ ವಾರಗಳಲ್ಲಿ ಗಿರಾಕಿಗಳು ನಮ್ಮ ಮೇಲೆ ರೇಗಾಡುತ್ತಾ, ಯುಪಿಐ ತಗೊಳ್ಳದ ಅಂಗಡಿಗಳನ್ನು ಮುಚ್ಚಿಸಬೇಕು ಅಂದದ್ದು ನನ್ನ ಕಿವಿಯಲ್ಲಿದೆ. ಇವತ್ತು ಸರ್ಕಾರ ಕ್ಯಾಶ್ ಕಡ್ಡಾಯ ಮಾಡಬಹುದು ಅಂತ ಒಪ್ಪಿಕೊಂಡರೆ, ನಾಳೆ ಅದೇ ಅಧಿಕಾರದಿಂದ ಯುಪಿಐ ಕಡ್ಡಾಯ ಮಾಡುತ್ತದೆ. ಆಗ ಕ್ಯಾಶ್ ಮಾತ್ರ ನಂಬುವ ಕೆ.ಆರ್. ಮಾರ್ಕೆಟ್ಟಿನ ಸೊಪ್ಪಿನ ಅಜ್ಜಿ ಎಲ್ಲಿಗೆ ಹೋಗಬೇಕು?

ನಿಯಮ ಬಂದರೆ ಅದರ ಹೊಡೆತ ಯಾರಿಗೆ ಬೀಳುತ್ತದೆ ಅನ್ನುವುದೂ ಗೊತ್ತಿರುವುದೇ. ಮಾಲ್‌ನವರು ಇನ್ನೊಬ್ಬ ಕ್ಯಾಷಿಯರನ್ನು ಇಟ್ಟುಕೊಳ್ಳುತ್ತಾರೆ. ಚಿಲ್ಲರೆ ಇಲ್ಲ ಅಂತ ಒಂದು ದಿನ ಐನೂರರ ನೋಟು ವಾಪಸ್ ಕೊಟ್ಟ ಸಣ್ಣ ಅಂಗಡಿಯವನ ಮುಂದೆ ಮಾತ್ರ ಇನ್ಸ್‌ಪೆಕ್ಟರು ದಂಡದ ಪುಸ್ತಕ ಹಿಡಿದು ನಿಲ್ಲುತ್ತಾರೆ.

ಆಸ್ಪತ್ರೆ, ಮೆಟ್ರೋ, ಬಸ್ಸು, ಸರ್ಕಾರಿ ಕಚೇರಿಗಳಲ್ಲಿ ಕ್ಯಾಶ್ ಇರಬೇಕು. ಇದನ್ನು ಪೂರ್ತಿ ಒಪ್ಪುತ್ತೇನೆ. ಅಲ್ಲಿಗೆ ಜನ ಇಷ್ಟಪಟ್ಟು ಹೋಗುವುದಿಲ್ಲ, ಹೋಗಲೇಬೇಕಾಗಿ ಹೋಗುತ್ತಾರೆ. ಆಸ್ಪತ್ರೆಯ ಪರವಾನಗಿಯಲ್ಲೇ, ಕ್ಯಾಂಟೀನಿನ ಗುತ್ತಿಗೆಯಲ್ಲೇ ಒಂದು ಷರತ್ತು ಸೇರಿಸಿದರೆ ಸಾಕು. ಖಾಸಗಿತನಕ್ಕೂ ಅಷ್ಟೇ. ಮಾಹಿತಿ ಇಟ್ಟುಕೊಂಡಿರುವ ಬ್ಯಾಂಕು, ಆ್ಯಪ್ ಕಂಪನಿಗಳನ್ನು 2023ರ ಡೇಟಾ ಸಂರಕ್ಷಣಾ ಕಾಯ್ದೆಯ ಕೆಳಗೆ ಬಿಗಿಯಾಗಿ ಹಿಡಿಯಲಿ. ಯುಪಿಐ ಲೈಟ್‌ನಲ್ಲಿ ಸಣ್ಣ ಪಾವತಿಗಳು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದೊಂದಾಗಿ ಬರುವುದೇ ಇಲ್ಲ. ಇಂಥದ್ದನ್ನು ಜನರಿಗೆ ಹೇಳಿಕೊಡಲಿ.

ಕ್ಯಾಶ್ ಉಳಿಯಲಿ ಎಂಬ ಕಾಳಜಿ ನಿಜವಾಗಿ ಇದ್ದರೆ, ನಮಗೆ ಚಿಲ್ಲರೆ ಸಿಗುವಂತೆ ಮಾಡಿ. 2026ರ ಮಾರ್ಚ್ ಕೊನೆಯೊಳಗೆ ನೂರರಲ್ಲಿ 90 ಎಟಿಎಂಗಳಲ್ಲಿ 100 ಅಥವಾ 200ರ ನೋಟು ಬರಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಒಳ್ಳೆಯ ಹೆಜ್ಜೆ ಅದು. ಹತ್ತು, ಇಪ್ಪತ್ತರ ಕಟ್ಟುಗಳು ಮತ್ತು ನಾಣ್ಯಗಳು ನಮ್ಮ ಏರಿಯಾದ ಬ್ಯಾಂಕ್ ಕೌಂಟರಿನಲ್ಲಿ ಕೇಳಿದ ತಕ್ಷಣ ಸಿಗಲಿ. ಅಷ್ಟಾದರೆ ನೋಟು ಹಿಡಿದು ಬಂದವರನ್ನು ನಾವ್ಯಾಕೆ ವಾಪಸ್ ಕಳಿಸುತ್ತೇವೆ?