ಸತ್ಯಾಂಶ: ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹೋದರೆ ಮುಗೀತಾ?

"ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದರೆ ಔಷಧಿಯೇ ಇಲ್ಲ, ಸುಮ್ನೆ ದುಡ್ಡು ದಂಡ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಪೂರ್ತಿ ವಾಸಿಯಾಗುವುದು ಕಷ್ಟ, ನಿಜ. ಆದರೆ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಹಿಡಿತದಲ್ಲಿ ಇಡಬಹುದು.

ಈ ಕ್ಯಾನ್ಸರ್‌ಗೆ ಬಲ ಕೊಡುವುದು, ಮುಖ್ಯವಾಗಿ ವೃಷಣದಲ್ಲಿ ತಯಾರಾಗುವ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು. ಅದನ್ನು ತಗ್ಗಿಸಿದರೆ ರೋಗ ಕುಗ್ಗುತ್ತದೆ ಎಂದು ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿಗೂ ಚಿಕಿತ್ಸೆಯ ಬುಡ ಅದೇ. ಒಂದೋ ಇಂಜೆಕ್ಷನ್, ಇಲ್ಲವೇ ವೃಷಣ ತೆಗೆಯುವ ಆಪರೇಷನ್. ಎರಡನೆಯದು ಒಂದೇ ಸಲದ ಖರ್ಚು, ಆದರೆ ಮತ್ತೆ ಸರಿಪಡಿಸಲಾಗದು. ಮನೆಯಲ್ಲಿ ಮಾತಾಡಲು ಮುಜುಗರವೂ ಇದೆ, ಅಲ್ವಾ? ಜೊತೆಗೆ ಅಬಿರಾಟೆರೋನ್‌ನಂಥ ಮಾತ್ರೆ ಸೇರಿಸಿದಾಗ ಹಲವರು ಇನ್ನೂ ಜಾಸ್ತಿ ಕಾಲ ಬದುಕುತ್ತಾರೆ.

ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ಬರುವ, ರಕ್ತಪರೀಕ್ಷೆಯಲ್ಲಿ ಅಳೆಯುವ ಪ್ರೋಟೀನು) ಏರಿದೆ ಎಂದಷ್ಟಕ್ಕೇ ಹೆದರಬೇಡಿ. ಮೂತ್ರದ ಸೋಂಕಿದ್ದರೂ ಅದು ಏರುತ್ತದೆ. ಬಯಾಪ್ಸಿ, ಸ್ಕ್ಯಾನ್ ನೋಡಿಯೇ ವೈದ್ಯರು ತೀರ್ಮಾನಿಸುತ್ತಾರೆ.